ಇನ್ನೊಬ್ಬರ ಖಾತೆಯ ನೋವು

ಪಿಂಚಣಿದಾರರಿಗೆ ನವೆಂಬರ್ ಅಂದರೆ ನಾವಿನ್ನೂ ಬದುಕಿದ್ದೇವೆ ಎಂದು ರುಜುವಾತು ಮಾಡುವ ತಿಂಗಳು. ಕಳೆದ ನವೆಂಬರಿನಲ್ಲಿ ಪುಣೆಯ ಬ್ಯಾಂಕಿನ ಯಂತ್ರ ನನ್ನ ಹೆಬ್ಬೆರಳನ್ನು ಮೂರು ಸಲ ತಿರಸ್ಕರಿಸಿತು. ಕೌಂಟರಿನಲ್ಲಿದ್ದ ಹುಡುಗಿ ಮರಾಠಿಯಲ್ಲಿ, ನೋಟು ಎಣಿಸಿ ಎಣಿಸಿ ಗೆರೆ ಸವೆದಿರಬೇಕು ಕಾಕಾ ಅಂದಳು. ನಾಲ್ಕನೆಯ ಸಲ ತೋರುಬೆರಳಿಟ್ಟಾಗ ಒಪ್ಪಿಕೊಂಡಿತು. ಅಲ್ಲಿಗೆ ನಾನು ನಾನೇ ಎಂದಾಯಿತು, ಇನ್ನೊಂದು ವರ್ಷ ಬದುಕಿದೆ ಎಂದೂ ಆಯಿತು.

ನಗು ಬಂತು ನಿಜ, ಮನೆಗೆ ಬಂದ ಮೇಲೆ ಯೋಚನೆಗೂ ಹತ್ತಿತು. 1981ರಿಂದ 2018ರವರೆಗೆ ನಾನು ಮಾಡಿದ್ದೂ ಅದೇ ಕೆಲಸ ತಾನೆ? ಮುಂದೆ ನಿಂತವನು ಅವನೇ ಹೌದೋ ಅಲ್ಲವೋ ನೋಡುವುದು. ರುಜು ತಾಳೆಯಾಗುತ್ತದೆಯೇ, ಫೋಟೋಗೂ ಮುಖಕ್ಕೂ ಹೊಂದುತ್ತದೆಯೇ, ಹೆಬ್ಬೆಟ್ಟು ಎಡಗೈಯದೇ? ಇಷ್ಟು ನೋಡಿ ಸ್ಲಿಪ್ಪಿಗೆ ಸಹಿ ಹಾಕಿದರೆ ಮುಗಿಯಿತು. ಆ ಹೆಬ್ಬೆಟ್ಟಿನ ಹಿಂದಿದ್ದ ಮನುಷ್ಯನಿಗೆ ಏನಾಗುತ್ತಿದೆ ಅನ್ನುವುದು ನಮ್ಮ ಮ್ಯಾನ್ಯುಯಲ್ಲಿನಲ್ಲಿ ಇರಲಿಲ್ಲ.

ಇದು ನೂರು ವರ್ಷದ ಹಿಂದೆ ಒಬ್ಬ ಜರ್ಮನ್ ಯಹೂದಿ ಹುಡುಗಿ ಹಿಡಿದು ಕೂತಿದ್ದ ಪ್ರಶ್ನೆ ಎಂದು ಗೊತ್ತಾದದ್ದು ತೀರ ಆಕಸ್ಮಿಕವಾಗಿ. ನನ್ನ ಮಗಳು ಇಲ್ಲೇ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದಳು. ಮದುವೆಯಾಗಿ ಹೋಗುವಾಗ ಎರಡು ಪೆಟ್ಟಿಗೆ ಪುಸ್ತಕ ಬಿಟ್ಟು ಹೋದಳು. ಅದರಲ್ಲಿ ಒಂದು ತೆಳ್ಳನೆಯದು, ಎಡಿತ್ ಸ್ಟೈನ್ ಎಂಬಾಕೆಯ ಡಾಕ್ಟರೇಟ್ ಪ್ರಬಂಧ. ಪರಾನುಭೂತಿಯ ಸಮಸ್ಯೆ ಕುರಿತದ್ದು. ಆಕೆಯ ಬಂಧು ವಾಲ್ಟ್ರಾಟ್ ಸ್ಟೈನ್ 1964ರಲ್ಲಿ ಇಂಗ್ಲಿಷಿಗೆ ತಂದ ಅನುವಾದ. ಎಂ.ಕಾಂ. ಓದಿದ ನನ್ನಂಥವನಿಗೆ ಅದು ಕಬ್ಬಿಣದ ಕಡಲೆ. ಒಂದು ಪುಟಕ್ಕೆ ಒಂದು ದಿನ ಹಿಡಿಯಿತು. ಆದರೆ ನಿವೃತ್ತನಿಗೆ ದಿನಗಳಿಗೇನು ಕೊರತೆ?

ಎಡಿತ್ ಹುಟ್ಟಿದ್ದು 12 ಅಕ್ಟೋಬರ್ 1891ರಂದು, ಬ್ರೆಸ್ಲೌ ಎಂಬ ಊರಿನಲ್ಲಿ. ಯಹೂದಿಗಳ ಅತಿ ಪವಿತ್ರ ಉಪವಾಸದ ದಿನ ಅದು. ಹನ್ನೊಂದು ಮಕ್ಕಳಲ್ಲಿ ಕೊನೆಯವಳು, ಉಳಿದವರು ಏಳೇ ಜನ. ಎರಡು ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡ. ಅಪ್ಪನದು ಮರದ ವ್ಯಾಪಾರ, ಅದರ ಮೇಲೆ ಸಾಲ. ತಾಯಿ ಔಗುಸ್ಟೆ ಸೆರಗು ಬಿಗಿದು ತಾನೇ ಮರದ ಅಡ್ಡೆಗೆ ಇಳಿದಳು. ಸಾಲ ತೀರಿಸಿ ವ್ಯಾಪಾರ ನಿಲ್ಲಿಸಿ ಮಕ್ಕಳನ್ನು ಓದಿಸಿದಳು. ಸಾಲದ ಅರ್ಜಿಗಳನ್ನೇ ನೋಡುತ್ತಾ ಬಾಳು ಸವೆಸಿದ ನನಗೆ ಈ ತಾಯಿಯ ಮೇಲೆ ಮಗಳಿಗಿಂತ ಹೆಚ್ಚು ಗೌರವ. ಇಂಥ ಹೆಣ್ಣುಮಕ್ಕಳಿಗೆ ಕೊಟ್ಟ ಸಾಲ ಮುಳುಗಿದ್ದನ್ನು ನಾನು ಕಂಡಿಲ್ಲ.

ಮಗಳು 1911ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾಲಯ ಸೇರಿದಳು, 1913ರಲ್ಲಿ ಊರು ಬಿಟ್ಟು ಗ್ಯೋಟಿಂಗನ್ನಿಗೆ ಹೋದಳು. ಅಲ್ಲಿ ಎಡ್ಮಂಡ್ ಹುಸರ್ಲ್ ಎಂಬ ಪ್ರೊಫೆಸರು ಫಿನಾಮೆನಾಲಜಿ ಎಂಬ ಹೊಸ ದಾರಿ ಹಾಕುತ್ತಿದ್ದರು. ಸಿದ್ಧಾಂತಗಳನ್ನು ಪಕ್ಕಕ್ಕಿಟ್ಟು, ವಸ್ತುಗಳು ನಮ್ಮ ಅನುಭವಕ್ಕೆ ಹೇಗೆ ಬರುತ್ತವೋ ಹಾಗೆ ಬಿಡಿಸಿ ನೋಡು ಅನ್ನುವುದು ಆ ದಾರಿ. ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು. ಹುಸರ್ಲ್ ಪಾಠದಲ್ಲಿ ಒಂದು ಮಾತು ಹೇಳುತ್ತಿದ್ದರಂತೆ: ಹೊರಗಿನ ಜಗತ್ತು ಎಲ್ಲರಿಗೂ ಒಂದೇ ಎಂದು ತಿಳಿಯಬೇಕಾದರೆ ನನ್ನೊಬ್ಬನಿಂದ ಸಾಧ್ಯವಿಲ್ಲ, ಇತರರೂ ಬೇಕು, ಅವರ ಅನುಭವ ನನಗೆ ತಲುಪಬೇಕು. ಆ ತಲುಪುವಿಕೆಗೆ ಐನ್‌ಫ್ಯೂಲುಂಗ್ ಎಂದರು. ಆದರೆ ಅದು ಏನು, ಹೇಗೆ ಎಂದು ಬಿಡಿಸಲಿಲ್ಲ. ಎಡಿತ್ ಆ ಖಾಲಿ ಜಾಗವನ್ನೇ ತನ್ನ ವಿಷಯ ಮಾಡಿಕೊಂಡಳು.

ಆ ಪದದ ಕಥೆಯೂ ಚೆನ್ನಾಗಿದೆ. 1873ರಲ್ಲಿ ರಾಬರ್ಟ್ ವಿಶರ್ ಚಿತ್ರ-ಶಿಲ್ಪ ನೋಡುವಾಗ ನಾವು ಅದರೊಳಗೆ ಹೊಗುವ ಬಗೆಗೆ ಅದನ್ನು ಬಳಸಿದ. ಥಿಯೋಡರ್ ಲಿಪ್ಸ್ ಅದನ್ನು ಮನುಷ್ಯರಿಗೂ ಹಚ್ಚಿದ. ಇಂಗ್ಲಿಷಿನ ಎಂಪಥಿ ಹುಟ್ಟಿದ್ದು ಇದರ ಅನುವಾದವಾಗಿ, 1909ರಲ್ಲಿ, ಟಿಚನರ್ ಎಂಬ ಮನಶ್ಶಾಸ್ತ್ರಜ್ಞನಿಂದ. ನಮ್ಮಲ್ಲಿ ಪಂಡಿತರು ಪರಾನುಭೂತಿ ಅನ್ನುತ್ತಾರೆ. ಗದಗಿನ ಕಡೆಯ ನಮ್ಮಮ್ಮ ಅಂತಃಕರಣ ಅನ್ನುತ್ತಿದ್ದಳು. "ಅಂವಗ ಅಂತಃಕರಣ ಇಲ್ರಿ" ಅಂದರೆ ಮುಗಿಯಿತು, ಅವನ ಮನೆಗೆ ಹೆಣ್ಣು ಕೊಡುವಂತಿಲ್ಲ. ಆದರೆ ಎಡಿತ್ ಹೇಳಿದ್ದು ಅಂತಃಕರಣವೂ ಅಲ್ಲ, ಅದಕ್ಕಿಂತ ಹಿಂದಿನ ಮೆಟ್ಟಿಲು. ಮರುಗುವ ಮೊದಲು, ಮರುಗಬೇಕಾದ್ದು ಇದೆ ಎಂದು ಕಾಣಬೇಕಲ್ಲ, ಆ ಕಾಣುವಿಕೆ.

ಪ್ರಬಂಧ ಅರ್ಧದಲ್ಲಿದ್ದಾಗ ಮಹಾಯುದ್ಧ ಬಂತು. ಆಕೆ ನರ್ಸಿಂಗ್ ಕಲಿತು, 1915ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಮೊರಾವಿಯಾ ಸೀಮೆಯ ಮಾರಿಶ್-ವೈಸ್‌ಕಿರ್ಖನ್ ಎಂಬಲ್ಲಿದ್ದ ಸಾಂಕ್ರಾಮಿಕ ರೋಗಗಳ ಸೈನಿಕ ಆಸ್ಪತ್ರೆಗೆ ಹೋದಳು. ಸೈನಿಕರೆಲ್ಲ ಹೇನು ಹೊತ್ತು ಬರುತ್ತಾರೆ, ನಾನು ಒಪ್ಪುವುದಿಲ್ಲ ಅಂದಳು ತಾಯಿ. ಒಪ್ಪದಿದ್ದರೂ ಹೋಗುತ್ತೇನೆ ಅಂದಳು ಮಗಳು. ಅಲ್ಲಿ ಟೈಫಾಯಿಡ್ ವಾರ್ಡು. ರೋಗಿಗಳು ಸಾಮ್ರಾಜ್ಯದ ಎಲ್ಲ ಮೂಲೆಯವರು: ಹಂಗೇರಿಯವರು, ಝೆಕ್, ಪೋಲಿಷ್, ಸ್ಲೊವಾಕ್, ಇಟಲಿಯವರು. ಯಾರ ಭಾಷೆ ಯಾರಿಗೂ ತಿಳಿಯದು. ಅಗತ್ಯದ ಪ್ರಶ್ನೋತ್ತರಗಳ ಒಂದು ಸಣ್ಣ ಕೈಪಿಡಿ ಕೊಟ್ಟಿದ್ದರಂತೆ. ಹೊರನಾಡಿನಲ್ಲಿ ಹೊಸದಾಗಿ ಇಳಿದವರ ಕೈಯಲ್ಲಿ ಇರುವ "ಮೂವತ್ತು ದಿನಗಳಲ್ಲಿ ತಮಿಳು" ನನಗೆ ನೆನಪಾಯಿತು. ಎಲ್ಲಿ ನೋವು ಎಂದು ಕೇಳಲು ಪುಸ್ತಕ ಸಾಕು. ಉತ್ತರವನ್ನು ಮಾತ್ರ ಮುಖ ನೋಡಿ, ಕೈ ನೋಡಿ, ಉಸಿರು ನೋಡಿ ಓದಬೇಕು.

ಅಲ್ಲಿಯ ಒಂದು ಪ್ರಸಂಗವನ್ನು ಆಕೆ ಮುಂದೆ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಒಬ್ಬ ಸೈನಿಕ ಸತ್ತ. ಸಾವು ಅಲ್ಲಿ ದಿನದ ಕೆಲಸ. ಅವನ ಸಾಮಾನು ಒಟ್ಟು ಮಾಡುವಾಗ ಡೈರಿಯಿಂದ ಒಂದು ಚೀಟಿ ಬಿತ್ತು. ಗಂಡ ಬದುಕಿ ಬರಲಿ ಎಂದು ಹೆಂಡತಿ ಬರೆದುಕೊಟ್ಟ ಪ್ರಾರ್ಥನೆ. ಆಗಷ್ಟೇ ಆಕೆಗೆ ಈ ಸಾವು ಏನು ಎಂದು ನಾಟಿತಂತೆ. ದಿನಗಟ್ಟಲೆ ಅವನ ಜ್ವರ ನೋಡಿದ್ದಳು, ನಾಡಿ ಹಿಡಿದಿದ್ದಳು; ತಿಳಿದದ್ದು ಕಾಗದದ ಚೂರು ಕಂಡಾಗ. ಪ್ರಬಂಧದ ಯಾವ ಪುಟಕ್ಕಿಂತಲೂ ಈ ಪ್ರಸಂಗದ ಮೇಲೆಯೇ ನಾನು ಹೆಚ್ಚು ಹೊತ್ತು ನಿಂತೆ.

ವಾಪಸು ಬಂದು ಪ್ರಬಂಧ ಮುಗಿಸಿದಳು. ಅಷ್ಟರಲ್ಲಿ ಹುಸರ್ಲ್ ಫ್ರೈಬರ್ಗಿಗೆ ವರ್ಗವಾಗಿದ್ದರು. 3 ಆಗಸ್ಟ್ 1916ರಂದು ಅಲ್ಲಿ ಪರೀಕ್ಷೆ, ಅತ್ಯುಚ್ಚ ಶ್ರೇಣಿ. ಮರುವರ್ಷ ಪ್ರಬಂಧದ ಮೂರು ಭಾಗ ಅಚ್ಚಾದವು. ವಿಷಯದ ಇತಿಹಾಸ ಹೇಳುವ ಮೊದಲ ಭಾಗ ಅಚ್ಚಾಗಲಿಲ್ಲ, ಅದು ಕಳೆದೇ ಹೋಗಿದೆ.

ಈಗ ಆಕೆಯ ವಾದಕ್ಕೆ ಬರೋಣ. ಗೆಳೆಯನೊಬ್ಬ ಬಂದು ನನ್ನ ತಮ್ಮ ತೀರಿಕೊಂಡ ಅನ್ನುತ್ತಾನೆ. ಅವನ ನೋವು ನನಗೆ ತಿಳಿಯುತ್ತದೆ. ಹೇಗೆ? ಅಂಗಿಯ ಬಣ್ಣ ಕಾಣುವಂತೆ ನೋವು ಕಾಣುವುದಿಲ್ಲ. ಹಾಗಂತ ಮುಖ ಬಾಡಿದೆ, ಆದ್ದರಿಂದ ದುಃಖವಿರಬೇಕು ಎಂದು ಲೆಕ್ಕ ಹಾಕುವುದೂ ಅಲ್ಲ, ಲೆಕ್ಕಕ್ಕೆ ಮೊದಲೇ ಅದು ಮುಟ್ಟಿರುತ್ತದೆ. ಮತ್ತೆ ಅವನ ನೋವನ್ನು ನಾನೇ ಪಡುತ್ತೇನೆಯೇ? ಅದೂ ಅಲ್ಲ ಅನ್ನುತ್ತಾಳೆ. ಇಲ್ಲಿ ಆಕೆ ಲಿಪ್ಸನಿಗೆ ಎದುರು ನಿಲ್ಲುತ್ತಾಳೆ. ಹಗ್ಗದ ಮೇಲೆ ನಡೆಯುವವನನ್ನು ನೋಡುವಾಗ ನಾನೂ ಅವನೂ ಒಂದೇ ಆಗುತ್ತೇವೆ ಎಂದಿದ್ದ ಲಿಪ್ಸ್. ಒಂದಾಗುವುದಿಲ್ಲ, ನಾನು ಅವನ ಪಕ್ಕದಲ್ಲಿರುತ್ತೇನೆ ಎಂದಳು ಇವಳು. ತಿಳಿಯುವ ಕ್ರಿಯೆ ನನ್ನದು, ಈಗಿನದು, ನಿಜವಾದದ್ದು. ತಿಳಿದ ನೋವು ಮಾತ್ರ ನನ್ನದಲ್ಲ, ಕೊನೆಯವರೆಗೂ ಅವನದೇ.

ಇದು ನನಗೆ ತಲೆಗೆ ಹತ್ತಿದ್ದು ಮಿರರ್ ಅಕೌಂಟ್ ನೆನಪಾದಾಗ. ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ನಮ್ಮ ಬ್ಯಾಂಕಿನ ಖಾತೆ ನ್ಯೂಯಾರ್ಕಿನ ಬ್ಯಾಂಕಿನಲ್ಲಿ ಇರುತ್ತದೆ. ಹಣ ಅಲ್ಲಿ. ಅದರ ಪಡಿಯಚ್ಚು ನಮ್ಮ ಪುಸ್ತಕದಲ್ಲಿ. ನಮೂದು ಮಾಡುವುದು ನಾನು, ಶಾಯಿ ನನ್ನದು, ಆದರೆ ನನ್ನ ಪುಸ್ತಕ ಬಿಚ್ಚಿ ಡಾಲರ್ ತೆಗೆಯಲಾಗುವುದಿಲ್ಲ. ಮತ್ತೊಂದು ಮಾತು: ಪಡಿಯಚ್ಚು ತಪ್ಪಬಹುದು. ಅದಕ್ಕೇ ಆಗಾಗ ಅಲ್ಲಿಂದ ಸ್ಟೇಟ್‌ಮೆಂಟ್ ತರಿಸಿ ತಾಳೆ ನೋಡಬೇಕು. ಎಡಿತ್ ಕೂಡ ಇದನ್ನೇ ಹೇಳುತ್ತಾಳೆ. ಪರಾನುಭೂತಿ ಮೋಸ ಹೋಗಬಹುದು, ಮುಂದಿನ ಪರಾನುಭೂತಿಯಿಂದಲೇ ಅದನ್ನು ತಿದ್ದಿಕೊಳ್ಳಬೇಕು. ನನ್ನನ್ನೇ ಅಳತೆಗೋಲು ಮಾಡಿಕೊಂಡರೆ ನನ್ನ ವ್ಯಕ್ತಿತ್ವವೇ ನನಗೆ ಜೈಲು, ಇತರರು ಒಗಟಾಗುತ್ತಾರೆ, ಇಲ್ಲವೇ ಅವರನ್ನು ನನ್ನ ರೂಪಕ್ಕೆ ಕುಟ್ಟಿ ಕೂರಿಸುತ್ತೇನೆ.

ಹೀಗೆ ಕುಟ್ಟಿ ಕೂರಿಸುವ ಕೆಲಸವನ್ನು ನಾನು ಎಂಟು ವರ್ಷ ಮದ್ರಾಸಿನಲ್ಲಿ ಮಾಡಿದೆ. ನಮ್ಮ ಶಾಖೆಯಲ್ಲಿ ಒಬ್ಬ ತಮಿಳು ಅಧಿಕಾರಿ ಇದ್ದರು. ಮಾತಿಲ್ಲ, ಕಥೆಯಿಲ್ಲ. ಕಾಫಿಗೆ ಕರೆದರೂ ತಲೆಯಾಡಿಸಿ ಬರುತ್ತಿರಲಿಲ್ಲ. ನಾನು ಅವರನ್ನು ಗರ್ವಿಷ್ಠ ಎಂದು ಬರೆದುಕೊಂಡುಬಿಟ್ಟಿದ್ದೆ. ಧಾರವಾಡ-ಗದಗಿನ ಕಡೆ ಮಾತಾಡದವನು ಗರ್ವಿಯೇ ಅಲ್ಲವೇ, ಅದೇ ಅಳತೆ.

1989ರಲ್ಲಿ ಒಂದು ಮಧ್ಯಾಹ್ನ ತಂತಿ ಬಂತು, ತಾಯಿ ತೀರಿಕೊಂಡಳು, ತಕ್ಷಣ ಹೊರಡು ಎಂದು. ಅಂದು ಸ್ಟ್ರಾಂಗ್ ರೂಮಿನ ಜೋಡಿ ಕೀಲಿಯಲ್ಲಿ ಒಂದು ನನ್ನ ಜೇಬಿನಲ್ಲಿತ್ತು. ಕೀಲಿ ಇದ್ದವನು ಕ್ಯಾಷ್ ಮುಗಿಯದೆ ಕದಲುವಂತಿಲ್ಲ. ಬೇರೆಯವರಿಗೆ ಕೊಡಬೇಕಾದರೆ ನಗದು ಎಣಿಸಿ ತಾಳೆ ಮಾಡಿ ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಬೇಕು. ನನ್ನ ಮೇಲಿನವರು ತಂತಿ ಓದಿ ಅಯ್ಯೋ ಪಾಪ ಅಂದರು, ನನಗೂ ಹೀಗೇ ಆಗಿತ್ತು ಎಂದು ತಮ್ಮ ತಂದೆ ಸತ್ತ ಕಥೆ ಹೇಳಿದರು. ಸಾಕಷ್ಟು ಉದ್ದದ ಕಥೆ. ಆಮೇಲೆ, ಕ್ಯಾಷ್ ಮುಗಿಸಿಯೇ ಹೋಗಿ, ಇನ್ನೆಷ್ಟು ಎರಡು ತಾಸು ಅಂದರು. ನಾನು ನನ್ನ ಟೇಬಲ್ಲಿಗೆ ಬಂದು ಕೂತೆ. ಆ ತಮಿಳು ಅಧಿಕಾರಿ ಎದ್ದು ಬಂದು ನನ್ನೆದುರು ಅಂಗೈ ಚಾಚಿ ನಿಂತರು. ಕೀಲಿಗೆ. ಒಂದು ಮಾತಿಲ್ಲ. ಅರ್ಧ ತಾಸಿನಲ್ಲಿ ಎಣಿಸಿದರು, ರಿಜಿಸ್ಟರ್ ಬರೆದರು, ಸಹಿ ಹಾಕಬೇಕಾದ ಕಡೆ ಬೆರಳಿಟ್ಟು ತೋರಿಸಿದರು. ರಾತ್ರಿ ಬೆಂಗಳೂರು ಮೇಲಿಗೆ ಸೆಂಟ್ರಲ್ಲಿಗೆ ಬಂದು ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ ಕಿಟಕಿಯಲ್ಲಿ ಕೊಟ್ಟು ಹೋದರು. ನಾನು ಬೆಂಗಳೂರಿನಿಂದ ಬಸ್ಸು ಹಿಡಿದು ಊರು ಮುಟ್ಟುವಾಗ ಅಮ್ಮನ ದಹನವಾಗಿ ಒಂದು ಹಗಲು ಕಳೆದಿತ್ತು.

ತಮ್ಮ ಕಥೆ ಹೇಳಿದವರು ನನ್ನ ನೋವನ್ನು ತಮ್ಮ ಪುಸ್ತಕಕ್ಕೆ ಜಮಾ ಮಾಡಿಕೊಂಡಿದ್ದರು. ಅಂಗೈ ಚಾಚಿದವರು ಅದನ್ನು ನನ್ನ ಖಾತೆಯಲ್ಲೇ ಬಿಟ್ಟಿದ್ದರು. ಇದು ಆಗ ತಿಳಿಯಲಿಲ್ಲ. ಮೂವತ್ತು ವರ್ಷದ ಮೇಲೆ ಆ ಪುಸ್ತಕ ಓದುವಾಗ ತಿಳಿಯಿತು.

ಮೈಯ ಕುರಿತು ಎಡಿತ್ ಬರೆದ ಭಾಗವೇ ಅತ್ಯಂತ ಸ್ವಾರಸ್ಯದ್ದು. ಜರ್ಮನಿನಲ್ಲಿ ಎರಡು ಪದ: ಕ್ಯೋರ್ಪರ್ ಅಂದರೆ ತೂಕ ಹಾಕಬಹುದಾದ ಶರೀರ, ಲೈಬ್ ಅಂದರೆ ಒಳಗಿನಿಂದ ಬದುಕುವ ಮೈ. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮೈಮರೆತ, ಮೈದುಂಬಿತು, ಮೈಗಳ್ಳ ಅನ್ನುತ್ತೇವೆ. ಇಲ್ಲೆಲ್ಲ ಶರೀರ ಹಾಕಿ ನೋಡಿ, ಮಾತು ಸತ್ತುಹೋಗುತ್ತದೆ. ಟೇಬಲ್ಲಿನ ಸುತ್ತ ತಿರುಗಿ ಹಿಂಭಾಗ ನೋಡಬಹುದು, ನನ್ನ ಮೈಯ ಸುತ್ತ ನಾನು ತಿರುಗಲಾರೆ. ಎಲ್ಲಿಗೆ ಹೋದರೂ ಅದು "ಇಲ್ಲಿ", ಉಳಿದದ್ದೆಲ್ಲ "ಅಲ್ಲಿ". ಅದು ನನ್ನ ಸೊನ್ನೆ ಬಿಂದು, ದೂರ-ಹತ್ತಿರ ಎಲ್ಲ ಅದರಿಂದ ಎಣಿಕೆ. ಟೇಬಲ್ಲಿನ ಮೇಲೆ ಇನ್ನೊಬ್ಬನ ಕೈ ಊರಿರುವುದನ್ನು ಕಂಡಾಗ ಆ ಒತ್ತು ನನಗೂ ಒಂದು ಬಗೆಯಲ್ಲಿ ತಿಳಿಯುತ್ತದೆ, ನನ್ನ ಕೈ ಅಲ್ಲಿ ಇಲ್ಲದಿದ್ದರೂ. ಹಾಗೆ ತಿಳಿದ ಕೂಡಲೇ ಅವನದೂ ಒಂದು "ಇಲ್ಲಿ" ಎಂದು ಗೊತ್ತಾಗುತ್ತದೆ, ನನ್ನ ಸೊನ್ನೆ ಹಲವು ಸೊನ್ನೆಗಳಲ್ಲಿ ಒಂದು ಎಂದೂ.

ಊರಲ್ಲೇ ಇರುವ ನಿಮಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಾವು ನಾಲ್ವರು ಹೊರನಾಡ ಕನ್ನಡಿಗರು ಸೇರಿದರೆ ಮೊದಲು ಬರುವ ಮಾತು "ಊರು ದೂರ". ಯಾರಿಗೆ ದೂರ? ಪುಣೆಯಲ್ಲಿ ಹುಟ್ಟಿದ ನನ್ನ ಮಗನಿಗೆ ಗದಗವೇ ದೂರದ ಊರು. ನೆರೆಯವರಿಗೆ ನಾನು ಕಾನಡಿ. ವರ್ಷಕ್ಕೊಮ್ಮೆ ಊರಿಗೆ ಹೋದರೆ ಅಣ್ಣನ ಮಗ "ನಿಮ್ಮ ಪುಣೇದಾಗ ಮಳಿ ಹ್ಯಾಂಗೈತ್ರಿ ಕಾಕಾ" ಅನ್ನುತ್ತಾನೆ. ನಿಮ್ಮ ಪುಣೆ! ಮೊದಲ ಸಲ ಕೇಳಿದಾಗ ಎದೆ ಚುರ್ ಅಂದಿತ್ತು. ಇನ್ನೊಬ್ಬರ ಕಣ್ಣಲ್ಲಿ ನನ್ನನ್ನೇ ನೋಡಿಕೊಳ್ಳುವುದನ್ನೂ ಎಡಿತ್ ಲೆಕ್ಕಕ್ಕೆ ತೆಗೆದುಕೊಂಡಿದ್ದಾಳೆ. ನನ್ನ ಬಗ್ಗೆ ನನಗೆ ತಿಳಿಯದ್ದು ಅಲ್ಲಿಂದ ತಿಳಿಯಬಹುದು ಅನ್ನುತ್ತಾಳೆ. ತಿಳಿದದ್ದು ಹಿತವಾಗಿಯೇ ಇರಬೇಕೆಂದೇನಿಲ್ಲ.

ಮುಂದಿನ ಕಥೆ ಬೇಗ ಹೇಳುತ್ತೇನೆ, ಅದರಲ್ಲಿ ಮೊದಲ ಭಾಗ ನೌಕರಿಯ ರಗಳೆ. 1916ರಿಂದ 1918ರ ಫೆಬ್ರವರಿವರೆಗೆ ಹುಸರ್ಲರ ಸಹಾಯಕಿ. ಗುರುಗಳ ಶೀಘ್ರಲಿಪಿಯ ಹಾಳೆಗಳ ರಾಶಿಯನ್ನು ಓದಿ ಜೋಡಿಸಿ ಪುಸ್ತಕದ ರೂಪಕ್ಕೆ ತಂದಳು. ಗುರುಗಳು ಅವನ್ನು ಮತ್ತೆ ತಿರುಗಿಯೂ ನೋಡುತ್ತಿರಲಿಲ್ಲ. ಬೇಸತ್ತು ಬಿಟ್ಟಳು. ಕಾಲಪ್ರಜ್ಞೆಯ ಕುರಿತ ಉಪನ್ಯಾಸಗಳು 1928ರಲ್ಲಿ ಹೈಡೆಗರ್ ಸಂಪಾದಕರಾಗಿ ಪ್ರಕಟವಾದವು. ಮುನ್ನುಡಿಯಲ್ಲಿ ಈಕೆಗೆ ಸಿಕ್ಕಿದ್ದು ಶೀಘ್ರಲಿಪಿ ಬಿಡಿಸಿದ ಪುಣ್ಯ ಮಾತ್ರ. ನೋಟ್ ತಯಾರಿಸಿದವನೊಬ್ಬ, ಸಹಿ ಹಾಕಿದವನೊಬ್ಬ ಅನ್ನುವುದು ಬ್ಯಾಂಕಿನಲ್ಲಷ್ಟೇ ಅಲ್ಲ ಅಂತ ಸಮಾಧಾನವಾಯಿತು. 1919ರಲ್ಲಿ ಗ್ಯೋಟಿಂಗನ್ನಿನಲ್ಲಿ ಅಧ್ಯಾಪಕಿಯಾಗುವ ಅರ್ಹತೆಗೆ ಅರ್ಜಿ ಹಾಕಿದರೆ ಹೆಂಗಸು ಎಂದು ತಳ್ಳಿದರು. ಸರ್ಕಾರಕ್ಕೇ ಬರೆದಳು. 1920ರ ಫೆಬ್ರವರಿಯಲ್ಲಿ ಪ್ರಷ್ಯದ ಸಚಿವಾಲಯ, ಹೆಣ್ಣಾಗಿರುವುದು ಅಡ್ಡಿಯಾಗಕೂಡದು ಎಂದು ಆದೇಶ ಹೊರಡಿಸಿತು. ಇತರರಿಗೆ ದಾರಿಯಾಯಿತು, ಆಕೆಗೆ ಹುದ್ದೆ ಸಿಗಲಿಲ್ಲ. 1922ರ ಹೊಸ ವರ್ಷದ ದಿನ ಕ್ಯಾಥೊಲಿಕ್ ಆದಳು. ಎಂಟು ವರ್ಷ ಸ್ಪೈಯರ್ ಎಂಬಲ್ಲಿ ಶಾಲಾಮಾಸ್ತರಿಕೆ, ಕೊನೆಗೆ ಮ್ಯೂನ್‌ಸ್ಟರಿನಲ್ಲಿ ಒಂದು ಸಂಸ್ಥೆಯಲ್ಲಿ ಉಪನ್ಯಾಸ. 1933ರಲ್ಲಿ ನಾಜಿಗಳು ಬಂದರು, ಅದೂ ಹೋಯಿತು.

ಆ ವರ್ಷವೇ ಆಕೆ ಇನ್ನೊಂದು ಪುಸ್ತಕ ಶುರು ಮಾಡಿದಳು, ಒಂದು ಯಹೂದಿ ಮನೆತನದ ಬದುಕು. ತನ್ನದೇ ಮನೆ: ಅಮ್ಮನ ಮರದ ಅಡ್ಡೆ, ಅಕ್ಕಂದಿರ ಮದುವೆ, ಹಬ್ಬ, ಜಗಳ. ಯಹೂದಿ ಎಂದರೆ ರಾಕ್ಷಸ ಎಂದು ಕಲಿತು ಬೆಳೆಯುತ್ತಿದ್ದ ಜರ್ಮನ್ ಹುಡುಗರಿಗೆ, ನಾವೂ ನಿಮ್ಮ ಹಾಗೇ ಮನುಷ್ಯರು ಎಂದು ತಿಳಿಸಲು ಬರೆದದ್ದು. ಪರಾನುಭೂತಿಯ ಬಗ್ಗೆ ತರ್ಕ ಮಾಡಿದ್ದವಳು ಈಗ ಅದಕ್ಕೆ ಬೇಕಾದ ಸಾಮಗ್ರಿ ಒದಗಿಸಲು ಹೊರಟಿದ್ದಳು. ಆ ಹುಡುಗರ ಕೈಗೆ ಆಗ ಅದು ಸೇರಲಿಲ್ಲ. ಪುಸ್ತಕ ಪೂರ್ತಿಯೂ ಆಗಲಿಲ್ಲ.

ಅದೇ ಅಕ್ಟೋಬರಿನಲ್ಲಿ ಕಲೋನಿನ ಕಾರ್ಮೆಲ್ ಮಠ ಸೇರಲು ನಿರ್ಧರಿಸಿ, ಹೇಳಲು ಊರಿಗೆ ಹೋದಳು. ನಾಜಿ ಆಳ್ವಿಕೆಯ ಮೊದಲ ವರ್ಷ, ಕೊನೆಯ ಮಗಳು ಬೇರೆ ಧರ್ಮದ ಸನ್ಯಾಸಿನಿಯಾಗುತ್ತೇನೆ ಎನ್ನುತ್ತಾಳೆ. ಎಂಬತ್ತು ದಾಟಿದ ಮುದುಕಿಗೆ ಹೇಗಾಗಿರಬೇಡ! ಹುಟ್ಟುಹಬ್ಬದ ದಿನ ತಾಯಿಯ ಜೊತೆ ಅವರ ಪ್ರಾರ್ಥನಾ ಮಂದಿರಕ್ಕೆ ಹೋಗಿ ಬಂದಳು. ರಾತ್ರಿ ತಾಯಿ ಮುಖ ಮುಚ್ಚಿಕೊಂಡು ಅತ್ತಳು. ಮಗಳು ಹೋದಳು. ಮಠದಿಂದ ವಾರವಾರ ಪತ್ರ ಬರೆದರೂ ತಾಯಿ ಬಹುಕಾಲ ಉತ್ತರಿಸಲಿಲ್ಲ. 14 ಸೆಪ್ಟೆಂಬರ್ 1936ರಂದು ಔಗುಸ್ಟೆ ತೀರಿಕೊಂಡಳು. ಮಗಳು ಮಠದ ಗೋಡೆಯೊಳಗೆ, ಹೊರಗೆ ಬರುವಂತಿರಲಿಲ್ಲ. ಇನ್ನೊಬ್ಬರ ನೋವು ಹೇಗೆ ತಿಳಿಯುತ್ತದೆ ಎಂದು ಇಷ್ಟು ನವಿರಾಗಿ ಬರೆದವಳಿಗೆ ಹೆತ್ತ ತಾಯಿಯ ನೋವು ತಿಳಿದಿರಲಿಲ್ಲವೇ ಎಂದು ನನಗೆ ಸಿಟ್ಟು ಬಂದಿತ್ತು. ಪುಸ್ತಕ ಮುಚ್ಚಿ ಎರಡು ದಿನ ಮುಟ್ಟಲಿಲ್ಲ. ತಿಳಿದಿತ್ತು, ತಿಳಿದೇ ಹೋದಳು. ತಿಳಿಯುವುದು ಒಂದು, ಅದಕ್ಕೆ ತಕ್ಕಂತೆ ನಡೆಯುವುದು ಮತ್ತೊಂದು. ಅಮ್ಮ "ಹತ್ತಿರದಾಗ ವರ್ಗ ಮಾಡಿಸ್ಕೋ" ಎಂದು ಎಂಟು ವರ್ಷ ಅಂದಾಗ ನನಗೂ ತಿಳಿದೇ ಇತ್ತು, ಪ್ರಮೋಷನ್ ಬಿಟ್ಟು ಬಂದೆನೇ?

1938ರ ಆಗಸ್ಟಿನಲ್ಲಿ ಹೊರಟ ಆದೇಶದಂತೆ, 1939ರ ಜನವರಿಯಿಂದ ಜರ್ಮನಿಯ ಯಹೂದಿ ಹೆಂಗಸರು ಹೆಸರಿಗೆ ಸಾರಾ ಎಂದು ಸೇರಿಸಿಕೊಳ್ಳಬೇಕಾಯಿತು. ಸರ್ಕಾರ ಪಟ್ಟಿ ಮಾಡಿದ ಯಹೂದಿ ಹೆಸರಿದ್ದವರಿಗಷ್ಟೇ ವಿನಾಯಿತಿ. ಗಂಡಸರಿಗೆ ಇಸ್ರೇಲ್. ಪಾಸ್‌ಪೋರ್ಟಿನ ಮೇಲೆ ಕೆಂಪು ಜೆ ಅಕ್ಷರ. ಮೈ, ಮುಖ, ಮಾತು, ನೆನಪು ಎಲ್ಲವೂ ಇರುವ ಒಬ್ಬೊಬ್ಬರನ್ನೂ ಒಂದೇ ಹೆಸರಿನ ಖಾನೆಗೆ ಹಾಕಿದರು. ಆ ಕೆಲಸ ಮಾಡಿದವರೂ ಕಚೇರಿಯ ಗುಮಾಸ್ತರೇ, ನನ್ನ ಹಾಗೆ ಠಸ್ಸೆ ಒತ್ತುವವರು. ಆ ಡಿಸೆಂಬರ್ 31ರಂದು ಎಡಿತ್ ಹಾಲೆಂಡಿನ ಎಖ್ಟ್ ಎಂಬ ಊರಿನ ಮಠಕ್ಕೆ ಹೋದಳು. ಹಾಲೆಂಡೂ ಹಿಟ್ಲರನ ಕೈಗೆ ಬಿತ್ತು. ಯಹೂದಿಗಳ ಸಾಗಾಟವನ್ನು ಖಂಡಿಸಿ ಡಚ್ ಬಿಷಪ್ಪರು 26 ಜುಲೈ 1942ರಂದು ಚರ್ಚುಗಳಲ್ಲಿ ಪತ್ರ ಓದಿಸಿದ್ದಕ್ಕೆ ಸೇಡಾಗಿ, ಕ್ಯಾಥೊಲಿಕ್ ಆಗಿದ್ದ ಯಹೂದಿಗಳನ್ನು ಆಗಸ್ಟ್ 2ರಂದು ಹಿಡಿದರು. ಎಡಿತ್ ಮತ್ತು ಅಕ್ಕ ರೋಸಾ ಇಬ್ಬರೂ ಸಿಕ್ಕಿದರು. ವೆಸ್ಟರ್‌ಬಾರ್ಕ್ ಶಿಬಿರದಲ್ಲಿ ಆಕೆಯನ್ನು ಕಂಡು ಬದುಕುಳಿದವರು ಹೇಳಿದ್ದು: ದುಃಖದಿಂದ ಮಂಕು ಹಿಡಿದ ತಾಯಂದಿರು ಮಕ್ಕಳನ್ನು ನೋಡದೆ ಕೂತಿದ್ದರು, ಆಕೆ ಆ ಮಕ್ಕಳ ಮೈ ತೊಳೆದು, ತಲೆ ಬಾಚಿ, ಊಟ ಮಾಡಿಸುತ್ತಿದ್ದಳು. ಆಗಸ್ಟ್ 7ರಂದು ರೈಲು ಹೊರಟಿತು. 9 ಆಗಸ್ಟ್ 1942ರಂದು ಆಶ್‌ವಿಟ್ಜ್‌ನಲ್ಲಿ ಅಕ್ಕತಂಗಿಯರಿಬ್ಬರನ್ನೂ ಕೊಂದರು ಎಂದು ದಾಖಲೆ.

ಬ್ರೆಸ್ಲೌ 1945ರ ನಂತರ ಪೋಲೆಂಡಿಗೆ ಸೇರಿ ವ್ರೊತ್ಸ್ವಾಫ್ ಆಗಿದೆ. ಅಲ್ಲಿದ್ದ ಜರ್ಮನರನ್ನೂ ಹೊರಡಿಸಿದರು. ಆಸ್ಪತ್ರೆಯಿದ್ದ ಊರು ಈಗ ಝೆಕ್ ದೇಶದ ಹ್ರಾನಿಟ್ಸೆ. ಮನೆಯಿಂದ ಹೆಜ್ಜೆ ಕದಲದೆ ಕೂತವರಿಗೂ ಊರು ಹೊರನಾಡಾಗುತ್ತದೆ.

ಪುಸ್ತಕ ಓದಿ ಮುಗಿಸಿದ ಮರುವರ್ಷ ಒಂದು ಮದುವೆಗೆಂದು ಚೆನ್ನೈಗೆ ಹೋಗಿದ್ದೆ. ಮೈಲಾಪುರದಲ್ಲಿ ಆ ಹಳೆಯ ಸಹೋದ್ಯೋಗಿಯ ಮನೆ ಹುಡುಕಿಕೊಂಡು ಹೋದೆ. ಎಂಬತ್ತರ ಹತ್ತಿರ, ಕಿವಿ ಮಂದ, ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಆ ದಿನ ನೆನಪಿಸಿದೆ: ತಂತಿ, ಕೀಲಿ, ಮೊಸರನ್ನ. ಅವರಿಗೆ ಯಾವುದೂ ನೆನಪಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಕಾಫಿ ಲೋಟ ಕೆಳಗಿಟ್ಟು, ಹೌದು, ಒಂದು ದಿನ ನಿಮ್ಮ ಕೀಲಿ ತೆಗೆದುಕೊಂಡಾಗ ಕ್ಯಾಷಿನಲ್ಲಿ ಹತ್ತು ರೂಪಾಯಿ ಕಡಿಮೆ ಬಂದಿತ್ತು, ನಾನೇ ಹಾಕಿದೆ, ಅಂದರು. ನಾನು ಪರ್ಸ್ ತೆಗೆದೆ. ಬೇಡ ಎಂದು ಕೈಯಾಡಿಸಿದರು.